ಬರ್ತೀನಿ ಅಂದರೆ

"ನೋಡಿ, ಇಷ್ಟೇ. ಹಿಂದಿಲ್ಲ, ಮುಂದಿಲ್ಲ," ಎಂದು ವಾಸಂತಿ ಫೋನನ್ನು ಗಂಡನ ಮೂಗಿನ ಹತ್ತಿರಕ್ಕೆ ಒಯ್ದಳು.

ಜಯರಾಮ ಸ್ಟೂಲಿನ ಮೇಲೆ ನಿಂತು ಬಾಗಿಲಿಗೆ ತೋರಣ ಕಟ್ಟುತ್ತಿದ್ದ. ಡಬ್ಲಿನ್ನಿನ ಈ ಕ್ಲಾಂಡಾಲ್ಕಿನ್‌ನಲ್ಲಿ ಮಾವಿನೆಲೆ ಎಲ್ಲಿಂದ ಬರಬೇಕು? ಪ್ರತಿ ಯುಗಾದಿಗೂ ಹಿತ್ತಲ ಬೇಲಿಯ ಲಾರೆಲ್ ಎಲೆಗಳೇ ಮಾವಿನೆಲೆಯ ವೇಷ ಹಾಕುತ್ತಿದ್ದವು. ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವನು ಕಣ್ಣು ಕಿರಿದು ಮಾಡಿ ಓದಿದ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದೇ ಒಂದು ಕನ್ನಡ ಪದ: ಬರ್ತೀನಿ. ಕಳಿಸಿದವನು ಅವರ ಬ್ಯಾಂಡಿನ ಪಿಟೀಲಿನವನು, ಫಿಂಟನ್.

"ಸರಿಹೋಯ್ತಲ್ಲ. ಬರ್ತೀನಿ ಅಂದ್ರೆ ಬರ್ತಾನೆ," ಎಂದ ದಾರದ ಸಂದಿಯಿಂದ.

"ಅವನು ಬರೋವಾಗ ಯಾವತ್ತಾದ್ರೂ ಬರ್ತೀನಿ ಅಂದಿದಾನಾ? ಹೋಗೋವಾಗ ತಾನೇ ಅನ್ನೋದು?"

ದಾರ ಜಯರಾಮನ ಬಾಯಿಂದ ಜಾರಿತು. ಎಲೆಗಳು ಒಂದರ ಹಿಂದೊಂದು ಕಾಲೊರೆಸುವ ಚಾಪೆಯ ಮೇಲೆ ಉದುರಿದವು.

ಮಗಳು ಮಾನ್ಯಾ ಅಡುಗೆಮನೆಯಿಂದ ಒಬ್ಬಟ್ಟು ಕಡಿಯುತ್ತಾ ಬಂದಳು. ಹದಿನಾರರ ಹುಡುಗಿ, ಹುಟ್ಟಿದ್ದು ಇಲ್ಲೇ. ಕನ್ನಡವನ್ನು ಕಿವಿಯಲ್ಲಿ ಇಳಿಸಿಕೊಂಡು ಡಬ್ಲಿನ್ನಿನ ಇಂಗ್ಲಿಷಿನಲ್ಲಿ ಹೊರಗೆ ಹಾಕುವವಳು. "ಹೀ ಸೆಡ್ ಗುಡ್‌ಬೈ, ಅಮ್ಮಾ. ಫಾರ್ ಹಿಮ್ ದಟ್ಸ್ ಗುಡ್‌ಬೈ, ಲೈಕ್."

"ಹಬ್ಬದ ದಿನ ಬಾಯಲ್ಲಿ ಒಳ್ಳೇದು ಬರ್ಲಿ ಕಣೇ!"

"ಐ'ಮ್ ಓನ್ಲಿ ಸೇಯಿಂಗ್," ಎಂದು ಮಾನ್ಯಾ ಬೆರಳಿನ ತುಪ್ಪ ನೆಕ್ಕಿದಳು.

ವಾಸಂತಿಗೆ ಸಿಟ್ಟು ಬಂದದ್ದು ಮಗಳ ಮಾತು ಸುಳ್ಳಾಗಿತ್ತು ಎಂದಲ್ಲ. ಆ ಪದವನ್ನು ಫಿಂಟನ್‌ಗೆ ಕಲಿಸಿದವಳು ಅವಳೇ. ಹದಿನೆಂಟು ವರ್ಷದ ಹಿಂದೆ, ಇದೇ ಮನೆಯಲ್ಲಿ ಮೊದಲ ಸಲ ಮೂವರೂ ಕೂತು ನುಡಿಸಿದ ಸಂಜೆ, ಫಿಂಟನ್ ಪಿಟೀಲಿನ ಪೆಟ್ಟಿಗೆ ಮುಚ್ಚಿ ಬಾಗಿಲಲ್ಲಿ ನಿಂತು, ಹೊರಡುವಾಗ ನಿಮ್ಮಲ್ಲಿ ಏನು ಹೇಳುತ್ತಾರೆ ಎಂದು ಕೇಳಿದ್ದ. ಮೊದಲು ಅವಳ ನಾಲಿಗೆಗೆ ಬಂದದ್ದು 'ಹೋಗ್ತೀನಿ'. ಒಡನೆಯೇ ಅವ್ವ ತುಂಗಮ್ಮನ ಗದರಿಕೆ ಕಿವಿಯಲ್ಲಿ ಮೊಳಗಿತು: "ಹೋಯ್ತೀನಿ ಅಂದ್ರೆ ಬಾಯಿಗೆ ಸುಣ್ಣ ಹಚ್ತೀನಿ. ಬತ್ತೀನಿ ಅನ್ನು." ಹೊಸ್ತಿಲ ಹತ್ತಿರ ನಿಂತು ಹೋಗುವ ಮಾತಾಡಿದರೆ ಹೋದವರು ಹೋಗಿಯೇ ಬಿಟ್ಟಾರು ಎಂಬ ಹೆದರಿಕೆ ಅವ್ವನಿಗೆ. ಅದಕ್ಕೇ ವಾಸಂತಿ 'ಬರ್ತೀನಿ' ಎಂದು ಕಲಿಸಿದಳು. ಅವನೂ ಬಸ್ಸಿನ ಬಾಗಿಲು ತೆರೆದ ಹಾಗೆ ಬಾಯಿ ಅಗಲಿಸಿ "ಬಾರ್‌ಟೀನಿ" ಎಂದ. ಅಂದಿನಿಂದ ಪ್ರತಿ ಕಾರ್ಯಕ್ರಮದ ಕೊನೆಗೂ ಮೈಕಿನ ಮುಂದೆ ಬಗ್ಗಿ ಅದನ್ನೇ ಹೇಳುತ್ತಿದ್ದ. ಕನ್ನಡ ಸಂಘದ ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟುತ್ತಿದ್ದರು.

"ಅದರ ಅರ್ಥ ಹೇಳಿದ್ಯೋ ಇಲ್ವೋ ಅವನಿಗೆ?" ಎಂದ ಜಯರಾಮ, ಸ್ಟೂಲಿನಿಂದ ಇಳಿದು.

"ಹೋಗೋವಾಗ ಹೀಗನ್ಬೇಕು ಅಂತ ಹೇಳಿದ್ದೆ. ಬಿಡಿಸಿ ಹೇಳಿದ್ನಾ... ಗೊತ್ತಿಲ್ಲ ರೀ. ನೆನಪಾಗ್ತಿಲ್ಲ."

"ಹದಿನೆಂಟು ವರ್ಷ ಬ್ಯಾಂಡು ನಡೆಸಿದೀವಿ, ಒಂದು ಪದದ ಅರ್ಥ ಹೇಳೋಕೆ ಪುರುಸೊತ್ತಾಗ್ಲಿಲ್ಲ," ಎಂದು ಅವನು ನಗಲು ನೋಡಿದ. ಸಂಜೆ ನಾಲ್ಕೂವರೆಗೆ ಪಾರ್ಕಿನ ಕೆರೆಯ ದಡದಿಂದ ಅವರ ಹಾಡು ನೇರಪ್ರಸಾರ ಆಗಬೇಕಿತ್ತು. ವಾಟರ್‌ಫರ್ಡಿನ ಡಾಕ್ಟರರ ಮನೆಗಳು, ಕಾರ್ಕಿನ ಸಾಫ್ಟ್‌ವೇರ್ ಮನೆಗಳು, ಊರಲ್ಲಿದ್ದ ವಾಸಂತಿಯ ಅಪ್ಪ, ಎಲ್ಲರೂ ಕಾದು ಕೂರುವವರಿದ್ದರು. ಫಿಂಟನ್ ಬಾರದಿದ್ದರೆ ಹಾಡಿಗೆ ಕೊನೆಯೇ ಇಲ್ಲ. ಹಾಡಿನದು ಹಾಗಿರಲಿ, ಬ್ಯಾಂಡಿಗೆ ಇದೇ ಕೊನೆ.

*

ವಾಸಂತಿಯ ಹಾಡಿಗೆ ಗುರುವೂ ಇರಲಿಲ್ಲ, ಶ್ರುತಿಪೆಟ್ಟಿಗೆಯೂ ಇರಲಿಲ್ಲ. ಅಪ್ಪ ನಂಜುಂಡಪ್ಪನದು ನಂಜನಗೂಡಿನಲ್ಲಿ ಮೈಕ್‌ಸೆಟ್ಟಿನ ಅಂಗಡಿ. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ಅಪ್ಪ ಹಾರನ್ ಸ್ಪೀಕರು ಕಟ್ಟಲು ಕಂಬ ಹತ್ತಿದಾಗ ಕೆಳಗೆ ಮೈಕು ಹಿಡಿದು ಏನಾದರೂ ಒದರುತ್ತಿರಲು ಒಬ್ಬರು ಬೇಕಿತ್ತು. "ಬಾಯಿ ಮುಚ್ಚಬ್ಯಾಡ ಕಣವ್ವ, ನಾನು ಇಳಿಯೋಗಂಟ ಏನಾರ ಅಂತಿರು," ಎನ್ನುತ್ತಿದ್ದ. ಒಂದು, ಎರಡು, ಮೂರು ಎಂದು ಎಷ್ಟು ಹೊತ್ತು ಎಣಿಸುವುದು? ಏಳು ವರ್ಷದ ಹುಡುಗಿ ಬೇಸತ್ತು, ಕಣ್ಣಿಗೆ ಬಿದ್ದದ್ದನ್ನೆಲ್ಲ ರಾಗ ಎಳೆದು ಹಾಡತೊಡಗಿದಳು.

ಕುರ್ಚಿ ಹಾಕಿ ಆಯ್ತು, ಕೂರೋರು ಬರಲಿಲ್ಲ
ಹಾರ ಕಟ್ಟಿ ಆಯ್ತು, ಕೊರಳು ಬರಲಿಲ್ಲ

ಹಾರನ್ನಿನಲ್ಲಿ ದನಿ ಕೇಳಿ ಜನ ಕಾರ್ಯಕ್ರಮ ಶುರುವಾಯಿತೆಂದು ಓಡಿ ಬರುತ್ತಿದ್ದರು. ಬಂದು, ಖಾಲಿ ವೇದಿಕೆಯ ಮೇಲೆ ಲಂಗದ ಹುಡುಗಿಯನ್ನು ಕಂಡು ಬೈದುಕೊಳ್ಳುತ್ತಿದ್ದರು. ಆದರೆ ವಾಪಸು ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಬಂದುಬಿಡುವುದು. ಅಪ್ಪ ದಡಬಡ ಇಳಿದು ಕೈಯಿಂದ ಮೈಕು ಕಸಿಯುವನು. ಎರಡು ಸಲ ಅದರ ತಲೆಗೆ ಬೆರಳಿನಿಂದ ತಟ್ಟಿ, ಟಕ್ ಟಕ್, "ಹಲೋ" ಎಂದು ಹೇಳಿ ಅತಿಥಿಗಳಿಗೆ ಒಪ್ಪಿಸುವನು. ಹಾಡು ಎಲ್ಲಿತ್ತೋ ಅಲ್ಲೇ ತುಂಡಾಗುವುದು. ಹೀಗಾಗಿ ವಾಸಂತಿ ಕಟ್ಟಿದ ಯಾವ ಹಾಡಿಗೂ ಕೊನೆ ಎಂಬುದು ಇರಲೇ ಇಲ್ಲ.

ಓದಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮದುವೆಯಾದ ಹೊಸತರಲ್ಲಿ ಡಬ್ಲಿನ್ನಿಗೆ ಬಂದಳು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. "ಆಗ್ಲೂ ಟೆಸ್ಟಿಂಗು, ಈಗ್ಲೂ ಟೆಸ್ಟಿಂಗು. ಯಾವಾಗವ್ವ ಪ್ರೋಗ್ರಾಮು?" ಎಂದು ಅಪ್ಪ ಫೋನಿನಲ್ಲಿ ಕೆಣಕುತ್ತಿದ್ದ. ಹಾಡನ್ನು ಬಿಟ್ಟೇಬಿಟ್ಟಿದ್ದಳು. ಆದರೆ ಒಂದು ಮಬ್ಬು ಮುಂಜಾನೆ, ಕಚೇರಿಯ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯಲ್ಲಿ ಕಂಡದ್ದನ್ನೆಲ್ಲ ತನಗೇ ಗೊತ್ತಿಲ್ಲದೆ ಗುನುಗಿದ್ದಳು. ಕೊನೆಯ ಸ್ಟಾಪು. ಎಲ್ಲರೂ ಇಳಿದರು. ಡ್ರೈವರು ಕನ್ನಡಿಯಲ್ಲೇ ಅವಳನ್ನು ನೋಡುತ್ತಾ ಕೇಳಿದ:

"ಅದು ಹೇಗೆ ಮುಗಿಯುತ್ತೆ?"

"ಏನು?"

"ಹಾಡು. ಅಷ್ಟು ದೂರದಿಂದ ಕೇಳ್ಕೊಂಡು ಬಂದಿದೀನಿ. ಮುಗಿಸ್ದೆ ಇಳಿದ್ರೆ ಹೇಗೆ?"

"ಅದು ಮುಗಿಯಲ್ಲ," ಎಂದಳು ವಾಸಂತಿ. "ಮುಖ್ಯ ಅತಿಥಿ ಬಂದುಬಿಡ್ತಾರೆ."

ಆ ಡ್ರೈವರೇ ಫಿಂಟನ್. ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಅವನು ಸ್ಟಿಯರಿಂಗ್ ಪಕ್ಕದಲ್ಲಿಟ್ಟಿದ್ದ ಪಿಟೀಲು ತೆಗೆದು, ಖಾಲಿ ಬಸ್ಸಿನಲ್ಲಿ, ಅವಳು ಬಿಟ್ಟ ಸಾಲನ್ನು ಎತ್ತಿಕೊಂಡು ಮೆಲ್ಲಗೆ ಕೆಳಗಿಳಿಸಿ ನಿಲ್ಲಿಸಿದ. ನಿಂತಿರುವ ಮುದುಕಿಯರು ಮುಗ್ಗರಿಸದ ಹಾಗೆ ಬಸ್ಸು ನಿಲ್ಲಿಸುವವನ ಕೈ ಅದು. ಹಾಡು ಹಾಗೇ ನಿಂತಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಶುರು ಮಾಡುವವಳು ವಾಸಂತಿ, ಮುಗಿಸುವವನು ಫಿಂಟನ್, ನಡುವೆ ಇಬ್ಬರನ್ನೂ ಕಾಯುವುದು ಜಯರಾಮನ ಖಂಜಿರ. ಬ್ಯಾಂಡಿಗೆ 'ಮೈಕ್ ಟೆಸ್ಟಿಂಗ್' ಎಂದೇ ಹೆಸರಿಟ್ಟರು. ಪ್ರತಿ ಸಲವೂ ಶುರುವಿಗೆ ಮೈಕು ತಟ್ಟುವ ಮರ್ಯಾದೆ ಫಿಂಟನ್‌ನದು: ಟಕ್ ಟಕ್, ಹಲೋ. ಅದಕ್ಕಿಂತ ಹೆಚ್ಚು ಬಾಯಿ ತೆರೆದವನಲ್ಲ. "ನನ್ನ ಬಾಯಿ ಇರೋದು 'ಹಿಂದಕ್ಕೆ ಸರೀರಿ' ಅನ್ನೋಕೆ ಮಾತ್ರ," ಎನ್ನುತ್ತಿದ್ದ. ಪಬ್ಬಿನ ಹಿಂಗೋಣೆಯಲ್ಲಿ ಗುರುವಾರಗಳು, ಸ್ಕೂಲ್ ಹಾಲುಗಳಲ್ಲಿ ರಾಜ್ಯೋತ್ಸವಗಳು. ವಾಟರ್‌ಫರ್ಡಿನಲ್ಲೊಂದು ಮದುವೆ, ಅಲ್ಲಿ ಕರೆಂಟು ಹೋದರೂ ಕತ್ತಲಲ್ಲಿ ನುಡಿಸಿದ್ದರು. ಕಾರ್ಕಿನ ಹಾಲಿಹಿಲ್‌ನಲ್ಲಿ ಒಂದು ಕಂಪನಿಯ ಕುಟುಂಬ ದಿನ, ಅಲ್ಲಿ ಮಳೆ ಸುರಿದು ಒದ್ದೆ ಕುರ್ಚಿಗಳಿಗೇ ಹಾಡಿ ಬಂದಿದ್ದರು. ಮಾನ್ಯಾ ಹುಟ್ಟಿ ಸ್ಪೀಕರ್ ಡಬ್ಬದ ಮೇಲೆ ಮಲಗಿ ಬೆಳೆದಳು. ಫಿಂಟನ್‌ನ ಕೂದಲು ಬೆಳ್ಳಗಾಯಿತು.

ಆಮೇಲೆ ಕೊರೊನಾ ಬಂತು.

ಜೂಮಿನಲ್ಲಿ ಮೂವರೂ ಸೇರಿ ನುಡಿಸಲು ನೋಡಿದರು. ವಾಸಂತಿಯ ದನಿ ಫಿಂಟನ್‌ನ ಮನೆ ಮುಟ್ಟುವಷ್ಟರಲ್ಲಿ ಖಂಜಿರ ಮುಂದಿನ ಬೀದಿಗೆ ಹೋಗಿರುತ್ತಿತ್ತು. ಅವನು ದೂರದ ಸ್ವೋರ್ಡ್ಸ್‌ನಲ್ಲಿದ್ದ. ಮನೆಯಿಂದ ಐದು ಕಿಲೋಮೀಟರು ದಾಟಿದರೆ ಪೊಲೀಸರು ತಡೆಯುವ ಕಾಲ. ಚಳಿಗಾಲ ಬಂದ ಮೇಲಂತೂ ಫಿಂಟನ್‌ನ ಫೋನು ಸದಾ ಸೂರು ನೋಡುತ್ತಿತ್ತು. ಬರಿಯ ಒಂದು ಬಲ್ಬು, ಪಕ್ಕದಿಂದ ಅವನ ಮಾತು. "ನಿನ್ನ ಬಲ್ಬಿನ ಜೊತೆ ಮಾತಾಡಿ ಸಾಕಾಯ್ತು ಮಾರಾಯ, ಮುಖ ತೋರ್ಸು," ಎಂದು ಜಯರಾಮ ರೇಗಿಸಿದರೆ, "ಮುಖ ಗ್ರ್ಯಾಂಡ್ ಆಗಿದೆ, ಬೆನ್ನು ನೋವು, ಬಸ್ಸಿಗೆ ರಜೆ ಹಾಕಿದೀನಿ," ಎನ್ನುತ್ತಿದ್ದ. ಚೆನ್ನಾಗಿದೆ ಎನ್ನಲು, ಸರಿ ಎನ್ನಲು, ಈ ಊರಿನವರಿಗೆ ಗ್ರ್ಯಾಂಡ್ ಒಂದೇ ಪದ.

ಸಂಕ್ರಾಂತಿಗೆ ಸಂಘದವರು ವೀಡಿಯೊ ಕೇಳಿದರು. ವಾಸಂತಿ ಹಾಡಿ ಕಳಿಸಿದಳು, ಜಯರಾಮ ಬಾರಿಸಿದ. ಫಿಂಟನ್‌ನ ಪಿಟೀಲು ಬರಲಿಲ್ಲ. ನಾಳೆ, ನಾಡಿದ್ದು, ಈ ವಾರ. ಕೊನೆಗೆ ತಡೆಯಲಾರದೆ ಅವಳು ಮಾನ್ಯಾಳಿಗೆ ಹೇಳಿ, ಆ ವಾಟರ್‌ಫರ್ಡ್ ಮದುವೆಯ ಹಳೆಯ ರೆಕಾರ್ಡಿಂಗಿನಿಂದ ಅವನ ಪಿಟೀಲಿನ ಮುಕ್ತಾಯವನ್ನು ಕತ್ತರಿಸಿ ಹೊಸ ಹಾಡಿನ ಬಾಲಕ್ಕೆ ಅಂಟಿಸಿದಳು. ಗುರುತೇ ಸಿಗದ ಹಾಗೆ ಕೂತಿತು. ಜನ ಹೊಗಳಿದರು: ಫಿಂಟನ್‌ಗೆ ವಯಸ್ಸೇ ಆಗಿಲ್ಲ!

ಮರುದಿನ ಅವನ ಫೋನು ಬಂತು.

"ಅದು ನಾನಲ್ಲ, ವಾಸ್."

"ನೀನೇ ಫಿಂಟನ್. ನಿನ್ನದೇ ಕೈ. ಮದುವೇಲಿ ನುಡಿಸಿದ್ಯಲ್ಲ..."

"ಆ ಕೈ ನಿನ್ನ ಹತ್ರ ಇದ್ದಮೇಲೆ ನನ್ನನ್ನ ಯಾಕೆ ಕೇಳ್ದೆ?"

ಆ ಕಡೆ ಬಸಿಯ ಮೇಲೆ ಕಪ್ಪು ಕಟಕಟ ಅಲ್ಲಾಡುವ ಸದ್ದು ಕೇಳುತ್ತಿತ್ತು. ಸಿಟ್ಟಿನಲ್ಲಿ ಮೇಜು ಅಲ್ಲಾಡಿಸುತ್ತಿದ್ದಾನೆ ಎಂದುಕೊಂಡಳು. ಈ ಊರಿನ ಜನ ಫೋನು ಇಡುವಾಗ ಬೈ ಬೈ ಬೈ ಎಂದು ಪಟಾಕಿಯ ಸರದ ಹಾಗೆ ಹೇಳುವವರು; ಅಂದು ಅವನು ಒಂದು ಬೈ ಕೂಡ ಅನ್ನಲಿಲ್ಲ. ಬರ್ತೀನಿ ಎಂದೂ ಅನ್ನಲಿಲ್ಲ. ಇಟ್ಟುಬಿಟ್ಟ. ಆಮೇಲೆ ಅವಳ ಎಷ್ಟು ಕರೆಗಳಿಗೂ ಉತ್ತರವಿಲ್ಲ.

ನಿನ್ನೆ ಐದು ಕಿಲೋಮೀಟರಿನ ಕಟ್ಟು ಬಿಚ್ಚಿತ್ತು. ಎರಡು ಮನೆಯವರು ಹೊರಗೆ ಬಯಲಲ್ಲಿ ಸೇರಬಹುದು ಎಂದಿತು ಸರ್ಕಾರ. ನಿನ್ನೆಯೇ ಅವಳು ಬರೆದಳು: ನಾಳೆ ನಮ್ಮ ಹೊಸ ವರ್ಷ, ಪಾರ್ಕಿನ ಕೆರೆ ಹತ್ತಿರ, ನಾಲ್ಕೂವರೆಗೆ. ನಿನ್ನ ಕುರ್ಚಿ ಹಾಕಿರ್ತೀನಿ.

ಅದಕ್ಕೆ ಬೆಳಗ್ಗೆ ಬಂದ ಉತ್ತರ, ಆ ಒಂದು ಪದ.

*

"ಅವತ್ತು ಫೋನಲ್ಲಿ ಬರ್ತೀನಿ ಅನ್ನೋದನ್ನ ಬಾಕಿ ಉಳಿಸ್ಕೊಂಡಿದ್ನಲ್ಲ, ಇವತ್ತು ತೀರಿಸಿದಾನೆ ಅನ್ಸುತ್ತೆ," ಎಂದಳು ವಾಸಂತಿ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಸ್ಪೀಕರು, ಅದರ ಮಗ್ಗುಲಲ್ಲಿ ಮಾನ್ಯಾ, ಮಾನ್ಯಾಳ ತೊಡೆಯ ಮೇಲೆ ಮಡಚುವ ಕುರ್ಚಿ.

"ಫೋನ್ ಮಾಡಿ ಕೇಳೇ. ಬರ್ತೀಯೋ ಇಲ್ವೋ ಅಂತ."

"ಕೇಳಿ, ಇಲ್ಲ ಅಂದ್ರೆ?"

ಜಯರಾಮ ಗೇರು ಬದಲಿಸಿದ.

ಪಾರ್ಕಿನಲ್ಲಿ ಏಪ್ರಿಲ್ಲಿನ ತೆಳು ಬಿಸಿಲು. ಕೆರೆಯಲ್ಲಿ ಎರಡು ಹಂಸ. ಜನ ನಾಯಿ ಹಿಡಿದು, ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಬಿಲ್ಲಿನ ಹಾಗೆ ಬಳಸಿ ನಡೆಯುತ್ತಿದ್ದರು. ಕುರ್ಚಿ ಬಿಡಿಸಿ ಇಟ್ಟರು. ಎದುರಿಗೆ ಮೈಕು, ಆ ಕಡೆ ಮುಕ್ಕಾಲಿಯ ಮೇಲೆ ಫೋನು. ವಾಸಂತಿಯ ಕಣ್ಣು ಕಾರ್ ಪಾರ್ಕಿನ ಗೇಟಿನಲ್ಲೇ ನೆಟ್ಟಿತ್ತು. ಫಿಂಟನ್‌ನ ಹಸಿರು ವ್ಯಾನು ಆ ಕಡೆಯಿಂದ ಬರಬೇಕು. ಬೂದು ಬಣ್ಣದ ಕಾರು ಬಂತು. ಬಿಳಿಯದು ಬಂತು. ಹಸಿರು ಎಂದು ಎದ್ದು ನಿಂತದ್ದು ಕಸದ ಲಾರಿಯಾಗಿತ್ತು.

ಅಪ್ಪನ ಕರೆ ಬಂತು. "ಅವ್ವ, ನಾನೂ ನಿಮ್ಮವ್ವಾನೂ ಊಟ ಮುಗ್ಸಿ ಕುಂತಿವಿ. ಗಾಳಿ ಸದ್ದು ಬಾಳ ಅದೆ, ಮೈಕಿಗೆ ಟೋಪಿ ಹಾಕು. ಆ ಪಿಟೀಲಯ್ಯ ಬಂದ್ನಾ?"

"ಬರ್ತಾನೆ ಅಪ್ಪ."

"ಬರ್ತಾನೋ, ಇಲ್ಲಾ ದಾರೀಲಿ ಬತ್ತಾ ಅವನೋ?"

ಅವಳು ಸಿಗ್ನಲ್ ಇಲ್ಲವೆಂದು ಇಟ್ಟುಬಿಟ್ಟಳು. ಜಯರಾಮ ಮೈಕಿಗೆ ಸ್ಪಂಜಿನ ಟೋಪಿ ಹಾಕುತ್ತಿದ್ದಾಗ ಹಿಂದಿನಿಂದ ಯಾರೋ ಕೆಮ್ಮಿದರು. ಪೊಲೀಸಿನವನು, ಎಳೆಯ ವಯಸ್ಸು, ಸೈಕಲ್ ಹಿಡಿದು ನಿಂತಿದ್ದ. ಸ್ಪೀಕರನ್ನು ನೋಡಿದ, ಕುರ್ಚಿಯನ್ನು ನೋಡಿದ.

"ಎಲ್ಲ ಒಂದೇ ಮನೆಯವರಾ?"

"ಎರಡು ಮನೆಯವರು," ಎಂದುಬಿಟ್ಟಳು ವಾಸಂತಿ.

"ಎರಡನೇ ಮನೆ ಎಲ್ಲಿ?"

ಜಯರಾಮ ನೆಲ ನೋಡಿದ. ಮಾನ್ಯಾ ಅಮ್ಮನನ್ನು ನೋಡಿದಳು.

"ಬರ್ತಾ ಇದೆ," ಎಂದಳು ವಾಸಂತಿ ಇಂಗ್ಲಿಷಿನಲ್ಲಿ.

"ಗ್ರ್ಯಾಂಡ್ ಸೋ. ಎರಡೇ ಮನೆ, ಹೆಚ್ಚಾಗಬಾರದು," ಎಂದು ಅವನು ಸೈಕಲ್ ತಳ್ಳಿಕೊಂಡು ಹೋಗಿ, ತುಸು ದೂರದ ಮರದ ಕೆಳಗೆ ನಿಂತುಕೊಂಡ.

"ಅಮ್ಮಾ, ವೀ'ರ್ ಲೈವ್," ಎಂದಳು ಮಾನ್ಯಾ.

ಮೈಕು ತಟ್ಟುವವರಿರಲಿಲ್ಲ. ಜಯರಾಮ ಕೈ ಚಾಚಿದವನು ಏಕೋ ಹಿಂತೆಗೆದ. ವಾಸಂತಿ ತಟ್ಟದೆಯೇ ಶುರು ಮಾಡಿದಳು. ಹಾಡಬೇಕಿದ್ದ ಮೂರು ಹಾಡಿನ ಬದಲು ಒಂದೇ ಹಾಡು, ಅದೇ ಮೊದಲ ಹಾಡು.

ಕುರ್ಚಿ ಹಾಕಿ ಆಯ್ತು, ಕೂರೋರು ಬರಲಿಲ್ಲ
ಹಾರ ಕಟ್ಟಿ ಆಯ್ತು, ಕೊರಳು ಬರಲಿಲ್ಲ

ಇಷ್ಟು ವರ್ಷ ನಗಿಸುತ್ತಿದ್ದ ಸಾಲು ಇಂದು ಚೌಕಟ್ಟಿನಲ್ಲಿ ಖಾಲಿ ಕುರ್ಚಿಯ ಪಕ್ಕ ನಿಂತಾಗ ಬೇರೆಯೇ ಆಗಿ ಕೇಳಿಸಿತು. ಎರಡು ಚರಣ ಮುಗಿಯಿತು. ಮೂರೂ ಮುಗಿಯಿತು. ಇನ್ನು ಪಿಟೀಲು ಎತ್ತಿಕೊಳ್ಳಬೇಕಾದ ಜಾಗ. ಜಯರಾಮ ಕಣ್ಣಲ್ಲೇ ಕೇಳಿದ: ನಿಲ್ಲಿಸೋಣವಾ? ಅವಳು ಬೇಡವೆಂದು ತಲೆಯಾಡಿಸಿದಳು. ನಿಲ್ಲಿಸಿದರೆ ಮುಗಿದಂತೆ. ಅಪ್ಪ ಕಂಬದ ಮೇಲಿದ್ದಾನೆ; ಅವನು ಇಳಿಯುವವರೆಗೆ ಬಾಯಿ ಮುಚ್ಚುವ ಹಾಗಿಲ್ಲ. ಅವಳು ಎದುರಿಗೆ ಕಂಡದ್ದನ್ನು ಹಾಡತೊಡಗಿದಳು.

ಕೆರೆಗೆ ಹಂಸ ಬಂತು, ತಾವರೆ ಬರಲಿಲ್ಲ
ನಾಯಿ ಮುಂದೆ ಬಂತು, ಒಡೆಯ ಬರಲಿಲ್ಲ

ಜಯರಾಮನ ಖಂಜಿರ ಮೊದಲು ತಬ್ಬಿಬ್ಬಾಗಿ ಆಮೇಲೆ ಅವಳ ಹಿಂದೆ ಓಡಿತು. ಪೊಲೀಸಿನವನ ಸೈಕಲ್ಲು ಹಾಡಿಗೆ ಬಂತು. ಮುಖ ಮುಚ್ಚಿದ ಬಟ್ಟೆಯೂ ಬಂತು. ಮಾನ್ಯಾ ಫೋನಿನ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಕಾರ್ ಪಾರ್ಕಿನ ಗೇಟಿನಲ್ಲಿ ಹಸಿರು ಎಂಬುದರ ಸುಳಿವಿರಲಿಲ್ಲ. ಕೆರೆಯ ಆಚೆ, ಗಿಡ್ಡ ಗೋಡೆಯ ಹೊರಗೆ, ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತಿತು.

ಬಸ್ಸು ಬಂದು ನಿಂತು, ಇಳಿಯೋರು ಬರಲಿಲ್ಲ

ಎಂದು ಹಾಡುತ್ತಿರುವಾಗಲೇ ಬಸ್ಸಿನ ಹಿಂದಿನ ಬಾಗಿಲಿನಿಂದ ಒಬ್ಬ ಇಳಿದ. ಕಂಬಿ ಹಿಡಿದು, ನೆಲ ನೋಡಿ, ಒಂದೊಂದೇ ಕಾಲು. ಬಸ್ಸು ಓಡಿಸುವವನು ಬಸ್ಸಿನಿಂದ ಪ್ರಯಾಣಿಕನ ಹಾಗೆ ಇಳಿಯುವುದನ್ನು ಅವಳು ಎಂದೂ ಕಂಡಿರಲಿಲ್ಲ. ಅದಕ್ಕೇ ಗುರುತು ಹತ್ತಲು ಹೊತ್ತು ಹಿಡಿಯಿತು. ಆ ಟೋಪಿ, ಆ ಉದ್ದ ಕೋಟು. ಬೆನ್ನು ನೆಟ್ಟಗೇ ಇತ್ತು. ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು.

ಪಿಟೀಲಿನ ಪೆಟ್ಟಿಗೆ ಇರಲಿಲ್ಲ.

ಹಾಗಾದರೆ ಮಾನ್ಯಾ ಹೇಳಿದ್ದೇ ನಿಜ. ಇಷ್ಟು ದೂರ ಬಂದಿರುವುದು ಅದನ್ನೇ ಎದುರಿಗೆ ನಿಂತು ಹೇಳಲು. ಅವನು ಕೆರೆ ಬಳಸಿಕೊಂಡು ಬಂದು ಫೋನಿನ ಹಿಂದೆ, ಮಾನ್ಯಾಳಿಂದ ಎರಡು ಮಾರು ದೂರ ನಿಂತ. ಹಾಡು ನಿಲ್ಲಲಿಲ್ಲ. ಅವನು ಮುಖಗವಸು ತೆಗೆಯಲು ಬಲಗೈ ಹೊರತೆಗೆದ.

ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಕೈ ನಡುಗುತ್ತಿತ್ತು. ಬೆರಳು ಕಿವಿಯ ದಾರವನ್ನು ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು. ಎಡಗೈ ಬಂದು ಅದರ ಮಣಿಕಟ್ಟು ಹಿಡಿದು, ತಂಟೆ ಮಾಡುವ ಮಗುವನ್ನು ಮನೆಯೊಳಗೆ ಎಳೆದುಕೊಳ್ಳುವ ಹಾಗೆ ಜೇಬಿನೊಳಗೆ ಸೇರಿಸಿತು.

ಸೂರು ನೋಡುತ್ತಿದ್ದ ಫೋನು. ಬಸಿಯ ಮೇಲಿನ 'ಕಟಕಟ'. ಬೆನ್ನುನೋವಿನ ರಜೆ. ಬಾರದೇ ಹೋದ ಹಸಿರು ವ್ಯಾನು. ಹಾಡುತ್ತಿದ್ದ ವಾಸಂತಿಯ ಮುಂದೆ ಎಲ್ಲವೂ ಒಂದೊಂದಾಗಿ ಬಂದು ಕೂತವು.

ಹಾರ ಕಟ್ಟಿ ಆಯ್ತು, ಕೊರ...

ಹಾಡು ಎಲ್ಲಿತ್ತೋ ಅಲ್ಲೇ ತುಂಡಾಯಿತು. ಜಯರಾಮನ ಕೈ ಗಾಳಿಯಲ್ಲೇ ಉಳಿಯಿತು. ಮರದ ಕೆಳಗಿದ್ದ ಪೊಲೀಸಿನವನೂ ತಲೆ ಎತ್ತಿದ.

"ಇದು ಈಗ ನನ್ನ ಮಾತು ಕೇಳಲ್ಲ, ವಾಸ್," ಎಂದ ಫಿಂಟನ್, ಗದ್ದದಿಂದ ಜೇಬಿನ ಕಡೆ ತೋರಿಸಿ. "ಕ್ರಿಸ್‌ಮಸ್‌ಗೂ ಮುಂಚಿಂದ. ನೀನು ಆ ಮದುವೆಯ ಕೈನ ಕೇಳಿಸ್ದಾಗ..."

"ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ನಲ್ಲ ಬೆಳಗ್ಗೆ. ಬಾರ್‌ಟೀನಿ."

"ಅದರ ಅರ್ಥ ಏನು ಗೊತ್ತಾ ನಿನಗೆ?"

"ಹೋಗೋರು ಹೇಳೋದು. ನೀನೇ ಕಲಿಸಿದ್ದು."

ಹಂಸವೊಂದು ರೆಕ್ಕೆ ಕೊಡವಿತು. ಮಾನ್ಯಾ ಫೋನಿನ ಮೇಲೆ ಬಗ್ಗಿ, ತನ್ನ ತೊದಲು ಕನ್ನಡದಲ್ಲೇ ಪಿಸುಗುಟ್ಟಿದಳು: "ಅಮ್ಮಾ, ತಾತ ಮೆಸೇಜ್ ಮಾಡಿದಾರೆ. ಸೌಂಡ್ ಬರ್ತಿಲ್ಲ ಅಂತೆ."

ವಾಸಂತಿ ಮೈಕಿನ ಕಂಬದ ತಿರುಪು ಸಡಿಲಿಸಿದಳು. ಅದನ್ನು ಕೂತವರ ಬಾಯಿಯ ಎತ್ತರಕ್ಕೆ ಇಳಿಸಿ, ಖಾಲಿ ಕುರ್ಚಿಯ ಕಡೆಗೆ ತಿರುಗಿಸಿದಳು. ಹೇಳದೆಯೇ ಜಯರಾಮ ಎದ್ದು ಬಂದು ಹಳೆಯ ಸ್ಪಂಜು ಕಿತ್ತು, ಕೈಗೆ ಸ್ಯಾನಿಟೈಸರ್ ಸುರಿದುಕೊಂಡು ಹೊಸದು ತೊಡಿಸಿದ. ಆಮೇಲೆ ಇಬ್ಬರೂ ಎರಡು ಮಾರು ಹಿಂದೆ ಸರಿದು ನಿಂತರು.

"ಪಿಟೀಲು ತಂದಿಲ್ಲ ನಾನು," ಎಂದ ಫಿಂಟನ್.

"ಮೈಕು ಯಾರೂ ತಟ್ಟಿಲ್ಲ ಇನ್ನೂ," ಎಂದಳು ಅವಳು.

ಅವನು ಬಂದು ಕೂತ. ಜೇಬಿನಿಂದ ಬಲಗೈ ತೆಗೆದು, ಈ ಸಲ ಎಡಗೈಯ ಆಸರೆ ಕೊಡದೆ, ಮೈಕಿನ ತಲೆಯ ಮೇಲೆ ಬೆರಳು ಇಟ್ಟ. ಎರಡು ಸಲ ತಟ್ಟಲು ಹೋದ ಬೆರಳು ಎರಡಕ್ಕೆ ನಿಲ್ಲಲಿಲ್ಲ. ಟಕ್ ಟಕ್ ಟಟಕ್, ಟಕ್ ಟಟಕ್ ಟಕ್, ಹೆಂಚಿನ ಮೇಲೆ ಮೊದಲ ಹನಿಗಳು ಬಿದ್ದ ಹಾಗೆ, ಲೆಕ್ಕ ತಪ್ಪಿ, ಸ್ಪೀಕರಿನಿಂದ ಹೊರಬಿದ್ದು ಕೆರೆಯ ಮೇಲೆ ಹಾಯಿತು. ಫಿಂಟನ್ ಕೈ ಕಿತ್ತುಕೊಳ್ಳಲು ನೋಡಿದ. ಅಷ್ಟರಲ್ಲಿ ಜಯರಾಮ ಕಿವಿ ಓರೆ ಮಾಡಿ, ತಲೆ ತಗ್ಗಿಸಿ, ಆ ತಪ್ಪಿದ ಲೆಕ್ಕವನ್ನೇ ಖಂಜಿರದ ಮೇಲೆ ಮೆಲ್ಲಗೆ ಎತ್ತಿಕೊಂಡಿದ್ದ.

ಬೆರಳು ಅಲ್ಲೇ ಉಳಿಯಿತು.

"ಬಂತಂತೆ," ಎಂದಳು ಮಾನ್ಯಾ, ತಾತನ ಮೆಸೇಜಿನಿಂದ ಕಣ್ಣೆತ್ತದೆ.